ಮಾರುವವನೇ ಒದೆಯಬೇಕು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸ್ಪ್ಯಾನರ್ ಎಸೆದು ಎದುರಿನ ಟೈರ್ ಅಂಗಡಿಯ ಗಾಜು ಒಡೆದಿದ್ದೇನೆ. ಕಾರ್ಬ್ಯುರೇಟರನ್ನು ತಾನೇ ಬಿಚ್ಚಿ ಹಾಳು ಮಾಡಿ, ಆಮೇಲೆ ಏನೂ ಗೊತ್ತಿಲ್ಲದವನ ಹಾಗೆ ನನ್ನ ಹತ್ತಿರ ತಂದ ಗಿರಾಕಿಯನ್ನು ಕಾಲರ್ ಹಿಡಿದು ಆಚೆ ತಳ್ಳಿದ್ದೇನೆ. ಬಿಲ್ಲು ಜಾಸ್ತಿಯಾಯಿತು ಎಂದ ಒಬ್ಬನ ಕೆನ್ನೆಗೆ ಬಾರಿಸಿದ್ದೂ ಉಂಟು. ಇಂಥ ನಾನು ಒಬ್ಬನ ಮೇಲೆ ಮಾತ್ರ ಹನ್ನೊಂದು ವರ್ಷ ಕೈ ಎತ್ತಿರಲಿಲ್ಲ. ಅವನು ನನ್ನ ಭಾವ, ಅಕ್ಕನ ಗಂಡ.

ತುಕ್ಕು ಹಿಡಿದು ಮೂಲೆಗೆ ಬಿದ್ದ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ಲುಗಳನ್ನು ತಂದು, ಬಿಚ್ಚಿ, ಹೊಸದರ ಹಾಗೆ ಮಾಡಿ ಮಾರುವುದು ನಮ್ಮ ಕಸುಬು. ಷೆಡ್ಡು ಅಪ್ಪನದು. ಅಪ್ಪ ತೀರಿಕೊಂಡ ವರ್ಷವೇ ಭಾವ ಅಕ್ಕನನ್ನು ಮದುವೆಯಾಗಿ ಬಂದ. ಬಂದವನು ಮೊದಲು ಮಾಡಿದ ಕೆಲಸ ಬೋರ್ಡಿನ ಮೇಲಿನ ಹೆಸರು ಬದಲಾಯಿಸಿದ್ದು. ಇಂಜಿನ್ನು, ಗೇರ್‌ಬಾಕ್ಸು, ವೈರಿಂಗು ನನ್ನವು. ಬಣ್ಣ ಅಕ್ಕನದು. ಮಾತು ಭಾವನದು. ಸ್ಕ್ರೂಡ್ರೈವರ್ ಹಿಡಿಯುವುದು ಯಾವ ಕಡೆಯಿಂದ ಎಂದು ಗೊತ್ತಿಲ್ಲದಿದ್ದರೂ ಗಿರಾಕಿಯ ಮುಂದೆ ನಿಂತರೆ, ಈ ಬೈಕಿನ ಪ್ರತಿ ನಟ್ಟನ್ನೂ ತಾನೇ ಬಿಗಿದದ್ದು ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದ. ಕೇಳುತ್ತ ಕೇಳುತ್ತ ನನಗೇ ಅನುಮಾನ ಬರಬೇಕು, ಹಾಗೆ.

ಆದರೆ ನಮ್ಮ ಬೈಕುಗಳು ಮಾರಿಹೋಗುತ್ತಿದ್ದುದು ಅವನ ಮಾತಿನಿಂದಲ್ಲ, ನನ್ನ ಇಂಜಿನ್ನಿನಿಂದಲೂ ಅಲ್ಲ. ಅಕ್ಕ ಎಳೆಯುತ್ತಿದ್ದ ಗೆರೆಯಿಂದ. ಆ ಕಾಲದ ಬೈಕುಗಳ ಕಪ್ಪು ಟ್ಯಾಂಕಿನ ಎರಡೂ ಬದಿಗೆ ಅಂಚಿನ ಉದ್ದಕ್ಕೆ ಒಂದು ಸಪೂರ ಚಿನ್ನದ ಗೆರೆ ಇರುತ್ತದೆ. ಈಗ ಎಲ್ಲರೂ ಅದಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಅಕ್ಕ ಮಾತ್ರ ಉದ್ದ ಕೂದಲಿನ ಕುಂಚ ಹಿಡಿದು, ಕಿರುಬೆರಳನ್ನು ಟ್ಯಾಂಕಿಗೆ ಆನಿಸಿ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆಯುತ್ತಿದ್ದಳು. ಆ ಹೊತ್ತು ನಾನು ಗ್ರೈಂಡರ್ ನಿಲ್ಲಿಸಿ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ.

ಅಕ್ಕನಿಗೆ ಸ್ವಂತದ್ದು ಎಂದು ಇದ್ದದ್ದು ಆ ಬಲಗೈ ಒಂದೇ. ಷೆಡ್ಡಿನ ಮೇಲಿನ ಎರಡು ಕೋಣೆಯ ಮನೆ ಅವಳದಾಗಿರಲಿಲ್ಲ, ಬೀಗದ ಕೈ ಭಾವನ ಸೊಂಟದಲ್ಲಿತ್ತು. ಬಾಯೊಳಗಿನ ಹಲ್ಲುಗಳೂ ಪೂರ್ತಿ ಅವಳವಾಗಿರಲಿಲ್ಲ. ಎರಡನ್ನು ಅವನು ಕಿತ್ತುಕೊಂಡಿದ್ದ, ಒಂದು ಸಲ ಬಾಗಿಲಿಂದ, ಒಂದು ಸಲ ಮುಷ್ಟಿಯಿಂದ. ಕೇಳಿದವರಿಗೆಲ್ಲ ಮೆಟ್ಟಿಲು ಜಾರಿತು ಎನ್ನುತ್ತಿದ್ದಳು. ನಮ್ಮ ಮನೆಯ ಮೆಟ್ಟಿಲಿನಷ್ಟು ಜಾರುವ ಮೆಟ್ಟಿಲು ಊರಲ್ಲೇ ಇರಲಿಲ್ಲ.

ನಾನು ಹೇಳಹೊರಟಿರುವ ಐನೂರು ಸಿಸಿ ಬೈಕಿಗೆ ಬಣ್ಣ ಕಲಸುತ್ತಿದ್ದ ದಿನ ಅಕ್ಕ ನನಗೊಬ್ಬನಿಗೇ ಒಂದು ಮಾತು ಹೇಳಿದಳು. ಜೊತೆಯಲ್ಲಿ ಓದಿದ ಗೆಳತಿ ಬೇರೆ ಊರಲ್ಲಿ ಅಂಗಡಿ ಬೋರ್ಡು ಬರೆಯುವ ಕೆಲಸ ನಡೆಸುತ್ತಾಳಂತೆ, ಬಾ ಎಂದು ಕರೆಯುತ್ತಿದ್ದಾಳಂತೆ.

"ಈ ಬೈಕು ಹೋಗಲಿ, ಅದರ ಹಿಂದೇನೇ ನಾನೂ ಹೋಗ್ತೀನಿ," ಎಂದಳು. "ಕೈ ಒಂದಿದೆಯಲ್ಲ, ಎಲ್ಲಾದ್ರೂ ಬದುಕ್ಕೋತೀನಿ."

ನಾನು ಒಳ್ಳೆಯದಾಯಿತು ಎಂದೆ. ನಿಜವಾಗಿಯೂ ಒಳ್ಳೆಯದಾಯಿತು ಅಂತಲೇ ಅನಿಸಿತ್ತು. ಅವಳು ಹೋಗಿಬಿಟ್ಟರೆ ನಾನು ಏನೂ ಮಾಡಬೇಕಾಗಿ ಬರುವುದಿಲ್ಲವಲ್ಲ ಎಂದೂ ಅನಿಸಿತ್ತು. ಅದನ್ನು ಈಗ ಹೇಳಿಬಿಡುತ್ತೇನೆ.

ಬೈಕು ಕೇಳಿದವರು ಒಬ್ಬ ಗಡಿಯಾರ ರಿಪೇರಿಯವರು. ಮುಂಚೆಯೇ ಫೋನ್ ಮಾಡಿ ಒಂದೇ ಒಂದು ಷರತ್ತು ಹಾಕಿದ್ದರು: ತಾವು ಹನ್ನೊಂದಕ್ಕೆ ಬರುವವರೆಗೆ ಇಂಜಿನ್ ಸ್ಟಾರ್ಟ್ ಮಾಡಬಾರದು. ಹಳೆ ಬೈಕು ಕೊಳ್ಳುವ ತಿಳಿದವರೆಲ್ಲ ಹಾಗೇ. ಸುಲಭಕ್ಕೆ ಸ್ಟಾರ್ಟ್ ಆಗದ ಇಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟುಕೊಂಡು ಗಿರಾಕಿಯ ಮುಂದೆ ಒಂದೇ ಒದೆಗೆ ಎಬ್ಬಿಸುವ ಮಾರಾಟಗಾರರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಭಾವನೇ ಒಬ್ಬ, ಒದೆಯುವ ಕೆಲಸ ಮಾತ್ರ ನನ್ನದು.

ಆವತ್ತು ಬೆಳಗ್ಗೆ ಒಂಬತ್ತಕ್ಕೆ ನಾನು ಕ್ಯಾನ್ ಹಿಡಿದುಕೊಂಡು ಪೆಟ್ರೋಲ್ ತರಲು ಹೋದೆ. ಹೋಗುವಾಗ ಭಾವ ಬೈಕನ್ನು ಬಾಗಿಲ ಬಿಸಿಲಿಗೆ ತಂದು ನಿಲ್ಲಿಸಿ, ಬಗ್ಗಿ ಬಗ್ಗಿ ಟ್ಯಾಂಕು ನೋಡುತ್ತಿದ್ದ. ಎಡಬದಿಯಲ್ಲಿ, ಮೊಣಕಾಲು ತಾಗುವ ರಬ್ಬರಿನ ಹತ್ತಿರ, ಗೆರೆ ಒಂದು ಕೂದಲೆಳೆಯಷ್ಟು ದಪ್ಪವಾಗಿತ್ತು. ನನಗೆ ಅದು ಮೊದಲೇ ಗೊತ್ತಿತ್ತು. ಆ ಗೆರೆ ಎಳೆಯುವ ಹಿಂದಿನ ದಿನ ಅವನು ಅಕ್ಕನ ಭುಜಕ್ಕೆ ಕುರ್ಚಿ ಎಸೆದಿದ್ದ. ಹಾಗಿದ್ದೂ ಅಷ್ಟೇ ಅಲುಗಿದೆಯಲ್ಲ ಎಂದು ನಾನು ಬೆರಗಾಗಿದ್ದೆ.

ವಾಪಸ್ ಬಂದಾಗ ಷೆಡ್ಡಿನ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಅಕ್ಕ ಬೆಂಚಿನ ಮುಂದೆ ಮಂಡಿಯೂರಿದ್ದಳು. ಅವಳ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬೆಂಚಿಗೆ ಬಿಗಿದ ವೈಸಿನ ಕಬ್ಬಿಣದ ದವಡೆಗಳ ನಡುವೆ ಇದ್ದವು. ನಾನು ಕಬ್ಬಿಣ ಹಿಡಿಸಿ ಗರಗಸ ಹಾಕುವ ಅದೇ ವೈಸು. ಭಾವ ಅದರ ಹಿಡಿಯನ್ನು ತಿರುಗಿಸುತ್ತಿದ್ದ. ಅವನಿಗೆ ಅವಸರವೇನೂ ಇರಲಿಲ್ಲ. ಕಾಲು ಸುತ್ತು ತಿರುಗಿಸುವುದು, ಒಂದು ಪ್ರಶ್ನೆ ಕೇಳುವುದು, ಮತ್ತೆ ಕಾಲು ಸುತ್ತು. ಕೈ ಯಾಕೆ ನಡುಗಿತು, ಯಾರನ್ನು ನೆನೆಸಿಕೊಂಡು ನಡುಗಿತು, ಗಿರಾಕಿ ಇದನ್ನು ನೋಡಿ ಬೇಡ ಅಂದರೆ ನಿಮ್ಮಪ್ಪ ಬಂದು ಕೊಳ್ಳುತ್ತಾನಾ. ಅಕ್ಕ ಎಡಗೈಯ ಮಣಿಕಟ್ಟನ್ನು ಕಚ್ಚಿಕೊಂಡಿದ್ದಳು, ಅಲ್ಲಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು.

"ಭಾವ, ಹನ್ನೊಂದಕ್ಕೆ ಅವರು ಬರ್ತಾರೆ," ಎಂದೆ ನಾನು. ಹನ್ನೊಂದು ವರ್ಷದಲ್ಲಿ ನಾನು ಅವನಿಗೆ ಹಾಕಿದ ದೊಡ್ಡ ಗದರಿಕೆ ಅದು.

"ಅದಕ್ಕೇ ಬೇಗ ಮುಗಿಸ್ತಿರೋದು," ಎಂದು ಅವನು ಹಿಡಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದ.

ಒಣ ಕಡ್ಡಿ ಮುರಿದಂಥ ಸದ್ದು, ಎರಡು ಸಲ. ಅಕ್ಕನ ಬಾಯಿಂದ ಬಂದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಅವನು ಕೈ ಒರೆಸಿಕೊಂಡು, ಷರಟು ಬದಲಾಯಿಸಬೇಕು ಎನ್ನುತ್ತ ಮೆಟ್ಟಿಲು ಹತ್ತಿ ಹೋದ. ವೈಸ್ ಬಿಚ್ಚುವ ಕೆಲಸವನ್ನು ನನಗೆ ಬಿಟ್ಟು ಹೋದ.

ಬಿಚ್ಚಿದೆ. ಬೆರಳ ತುದಿಗಳು ಚಪ್ಪಟೆಯಾಗಿದ್ದವು, ಒಂದು ಉಗುರು ದವಡೆಗೇ ಅಂಟಿಕೊಂಡು ಉಳಿಯಿತು. ನಡುಬೆರಳಿನ ಗಿಣ್ಣಿನ ಹತ್ತಿರ ಚರ್ಮ ಸೀಳಿ ಬಿಳಿ ಮೂಳೆ ಕಾಣುತ್ತಿತ್ತು. ಅಕ್ಕ ಡ್ರಮ್ಮಿನ ಪಕ್ಕ ವಾಂತಿ ಮಾಡಿಕೊಂಡಳು. ಬಣ್ಣ ಕಲಸುವ ಎರಡು ಮರದ ಪಟ್ಟಿಗಳನ್ನು ಇಟ್ಟು ಬಟ್ಟೆ ಸುತ್ತಿ ಕಟ್ಟಿದೆ. ಆಸ್ಪತ್ರೆಗೆ ಹೋಗೋಣ ಎಂದರೆ ಬೇಡವೆಂದು ತಲೆಯಾಡಿಸಿದಳು. ಬೈಕಿನ ಕಾಗದವೆಲ್ಲ ಅವಳ ಹೆಸರಿನಲ್ಲಿತ್ತು. ನಾಳೆ ಏನಾದರೂ ತಕರಾರು ಬಂದರೆ ಅವಳ ತಲೆಗೇ ಬರಲಿ ಎಂದು ಭಾವ ಎಲ್ಲ ಬೈಕುಗಳನ್ನೂ ಅವಳ ಹೆಸರಿಗೇ ಮಾಡಿಸುತ್ತಿದ್ದ. ಅವಳ ಸಹಿ ಇಲ್ಲದೆ ಮಾರಾಟ ಆಗುವಂತಿರಲಿಲ್ಲ. ಸಹಿ ಹಾಕಬೇಕಾದ ಬೆರಳುಗಳನ್ನೇ ಮುರಿದಿದ್ದೇನೆ ಎಂಬುದು ಆ ಬುದ್ಧಿವಂತನ ತಲೆಗೆ ಇನ್ನೂ ಹೊಳೆದಿರಲಿಲ್ಲ.

"ಈ ಕೈ ಮತ್ತೆ ಕುಂಚ ಹಿಡಿಯುತ್ತೇನೋ?" ಎಂದು ಅಕ್ಕ ಕೇಳಿದಳು.

ಹಿಡಿಯುತ್ತೆ ಅಕ್ಕ, ಯಾಕೆ ಹಿಡಿಯಲ್ಲ ಎಂದೆ. ಇಬ್ಬರಿಗೂ ಅದು ಸುಳ್ಳು ಎಂದು ಗೊತ್ತಿತ್ತು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಎರಡಡಿ ಕಬ್ಬಿಣದ ಪೈಪು ಕೈಗೆತ್ತಿಕೊಂಡು ಮೆಟ್ಟಿಲ ಬುಡಕ್ಕೆ ಹೋದೆ. ಮೇಲೆ ಅವನು ಗಡ್ಡ ಬೋಳಿಸಿಕೊಳ್ಳುತ್ತ ಏನೋ ಗುನುಗುತ್ತಿದ್ದ. ಸ್ವಲ್ಪ ಹೊತ್ತು ನಿಂತೆ. ವಾಪಸ್ ಬಂದು ಪೈಪನ್ನು ಅದರ ಜಾಗದಲ್ಲಿ ಇಟ್ಟೆ.

ಗಡಿಯಾರದವರು ಸರಿಯಾಗಿ ಹನ್ನೊಂದಕ್ಕೆ ಬಂದರು. ತಾವೇ ವ್ಯಾನ್ ಓಡಿಸಿಕೊಂಡು ಬಂದಿದ್ದ ಸಣ್ಣ ಮೈಕಟ್ಟಿನ ಮನುಷ್ಯ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಬಂದವರು ಯಾರ ಮುಖವನ್ನೂ ನೋಡದೆ ಮೊದಲು ಅಂಗೈಯನ್ನು ಇಂಜಿನ್ನಿನ ಮೇಲಿಟ್ಟು ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡರು. ಚಾಸಿಸ್ ನಂಬರು, ಇಂಜಿನ್ ನಂಬರು ಕಾಗದಕ್ಕೆ ತಾಳೆ ಹಾಕಿದರು. ಭಾವ ಇಸ್ತ್ರಿ ಷರಟಿನಲ್ಲಿ, ತೆಳು ಚರ್ಮದ ಬೂಟಿನಲ್ಲಿ ಅವರ ಹಿಂದೆ ಹಿಂದೆಯೇ ತಿರುಗುತ್ತ ಹದಿನಾಲ್ಕು ತಿಂಗಳು ತಾನು ನಿದ್ದೆಗೆಟ್ಟು ದುಡಿದ ಕಥೆ ಹೇಳುತ್ತಿದ್ದ. ಅಕ್ಕ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಬಲಗೈ ಸೆರಗಿನೊಳಗಿತ್ತು.

ಗಡಿಯಾರದವರು ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಟ್ಯಾಂಕಿನ ಗೆರೆಯನ್ನು ಇಂಚಿಂಚೂ ನೋಡುತ್ತ ಬಂದು ಎಡಬದಿಯಲ್ಲಿ ನಿಂತುಬಿಟ್ಟರು. ಭಾವ ಮುನ್ನುಗ್ಗಿದ. ಅದು ಒಂದು ಸಣ್ಣ ದೋಷ ಸರ್, ಅಳಿಸಿ ಹೊಸದು ಹಾಕಿಸಿಕೊಡುತ್ತೇನೆ, ಹಾಕಿದವರಿಗೆ ಸರಿಯಾಗಿ ಬುದ್ಧಿ ಕಲಿಸಿದ್ದೇನೆ ಎಂದ.

"ಮುಟ್ಟಬೇಡಿ ಅದನ್ನ," ಎಂದರು ಅವರು. "ಸ್ಟಿಕ್ಕರ್ ಎಲ್ಲೂ ದಪ್ಪ ಆಗಲ್ಲ, ತೆಳ್ಳಗೂ ಆಗಲ್ಲ. ಇಲ್ಲಿ ಒಂದು ಕೂದಲಷ್ಟು ದಪ್ಪ ಆಗಿದೆ ನೋಡಿ, ಅದಕ್ಕೇ ಗೊತ್ತಾಗೋದು ಇದು ಕೈಯಲ್ಲಿ ಎಳೆದಿದ್ದು ಅಂತ. ನಾನು ಇಷ್ಟು ದೂರ ಬಂದಿದ್ದೇ ಇದಕ್ಕೆ."

ನಾನು ಅಕ್ಕನ ಮುಖ ನೋಡಿದೆ. ನೋಡಬಾರದಿತ್ತು. ವೈಸಿನಲ್ಲಿ ಬೆರಳು ಇದ್ದಾಗಲೂ ಆ ಮುಖ ಹಾಗಿರಲಿಲ್ಲ.

ಭಾವ ಮಾತ್ರ ಖುಷಿಯಾದ. ನನಗೆ ಕಣ್ಸನ್ನೆ ಮಾಡಿದ, ಸ್ಟಾರ್ಟ್ ಮಾಡು ಎಂದು. ಗಡಿಯಾರದವರು ಕೈ ಅಡ್ಡ ಹಿಡಿದರು.

"ಮೆಕ್ಯಾನಿಕ್ ಬೇಡ. ಮಾರುವವನೇ ಒದೀಬೇಕು. ನಾನು ಬೈಕು ತಗೊಳ್ಳೋದು ಹಾಗೇನೇ. ಒದೆಯೋಕೆ ಬರದವನ ಹತ್ತಿರ ಬೈಕು ಇದ್ದರೂ ಅದು ಅವನದಲ್ಲ."

ಇಲ್ಲಿ ಒಂದು ವಿಷಯ ಹೇಳಬೇಕು. ಈ ಒಂಟಿ ಸಿಲಿಂಡರಿನ ದೊಡ್ಡ ಬೈಕುಗಳ ಹ್ಯಾಂಡಲ್ಲಿನ ಎಡಗಡೆ ಒಂದು ಪುಟ್ಟ ಲಿವರ್ ಇರುತ್ತದೆ. ಕಿಡಿ ಹತ್ತುವುದು ಮುಂಚೆಯೋ ತಡವಾಗಿಯೋ ಎಂಬುದನ್ನು ಅದು ನಿರ್ಧರಿಸುತ್ತದೆ. ಒದೆಯುವ ಮುನ್ನ ಅದನ್ನು ಹಿಂದಕ್ಕೆ ಎಳೆದಿರಬೇಕು. ಮುಂದಿದ್ದರೆ ಪಿಸ್ಟನ್ ಮೇಲೆ ತಲುಪುವ ಮೊದಲೇ ಬೆಂಕಿ ಹತ್ತಿ, ಇಂಜಿನ್ ಉಲ್ಟಾ ತಿರುಗಿ, ಕಿಕ್ಕರ್ ಒದ್ದವನ ಕಾಲನ್ನೇ ಒದೆಯುತ್ತದೆ. ಅಪ್ಪ ನಮಗಿಬ್ಬರಿಗೂ ಬೈಕು ಕಲಿಸುವಾಗ ಎಲ್ಲಕ್ಕಿಂತ ಮೊದಲು ತೋರಿಸಿದ್ದು ಆ ಲಿವರನ್ನು. ಭಾವನಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ, ಯಾಕೆಂದರೆ ಅವನು ಒಮ್ಮೆಯೂ ಒದ್ದಿರಲಿಲ್ಲ. ಬೈಕನ್ನು, ಅಂತ ಹೇಳುತ್ತಿದ್ದೇನೆ.

ನಾನು ಅಭ್ಯಾಸಬಲದಿಂದ ಪೆಟ್ರೋಲ್ ಕಾಕ್ ತೆರೆದೆ. ಲಿವರನ್ನು ಹಿಂದಕ್ಕೆ ಎಳೆದೆ. ಎಳೆದ ಮೇಲೆ, ಅಯ್ಯೋ, ಹಾಗೇ ಬಿಡಬಹುದಿತ್ತಲ್ಲ ಎಂದು ಹೊಳೆಯಿತು. ಮತ್ತೆ ಮುಂದಕ್ಕೆ ತಳ್ಳಲು ಕೈ ಏಳಲಿಲ್ಲ.

ಆಗ ಅಕ್ಕ ಗೋಡೆ ಬಿಟ್ಟು ಬಂದಳು. ಎಡಗೈಯಲ್ಲಿ ಒರೆಸುವ ಬಟ್ಟೆ ಇತ್ತು. ಟ್ಯಾಂಕು ಒರೆಸಿದಳು, ಹೆಡ್‌ಲೈಟು ಒರೆಸಿದಳು, ಹ್ಯಾಂಡಲ್ ಒರೆಸಿದಳು. ಬಟ್ಟೆ ಆ ಕಡೆ ಹೋಗಿ ಬಂದ ಮೇಲೆ ನೋಡಿದರೆ ಲಿವರ್ ಪೂರ್ತಿ ಮುಂದಿತ್ತು. ಅವಳು ನನ್ನನ್ನು ನೋಡಿದಳು. ನಾನು ಪಕ್ಕಕ್ಕೆ ಸರಿದು ಭಾವನಿಗೆ ಜಾಗ ಬಿಟ್ಟೆ.

ಭಾವ ನನ್ನ ಕಿವಿಯ ಹತ್ತಿರ ಬಗ್ಗಿ, ಇನ್ನೇನಾದರೂ ಮಾಡುವುದಿದೆಯಾ ಎಂದು ಕೇಳಿದ.

"ಏನಿಲ್ಲ ಭಾವ. ಜೋರಾಗಿ ಒದೀರಿ, ಅಷ್ಟೇ."

ಸ್ಟ್ಯಾಂಡಿನ ಮೇಲಿದ್ದ ಬೈಕಿನ ಪಕ್ಕ ನಿಂತು, ಗಿರಾಕಿಯ ಕಡೆ ನೋಡಿ ನಕ್ಕು, ಮೈಭಾರವನ್ನೆಲ್ಲ ಬಲಗಾಲಿಗೆ ಕೊಟ್ಟು ಅವನು ಒದ್ದ. ಕಿಕ್ಕರ್ ಅರ್ಧ ಇಳಿಯಿತು. ಪಟಾಕಿಯಂಥ ಒಂದು ಸಿಡಿತ. ಕಿಕ್ಕರ್ ವಾಪಸ್ ಚಿಮ್ಮಿ ಮೊಣಕಾಲಿನ ಕೆಳಗೆ ಹೊಡೆಯಿತು. ಕಾಲಿನ ಮೂಳೆ ಪ್ಯಾಂಟನ್ನು ಹರಿದುಕೊಂಡು ಆಚೆ ಬಂದದ್ದನ್ನು ನಾನು ಕಂಡೆ. ಅವನು ಮೇಲಕ್ಕೆ ಹಾರಿ, ಪಕ್ಕಕ್ಕೆ ಬಿದ್ದ. ಬಿದ್ದಾಗ ದವಡೆ ನೆಲಕ್ಕೆ ಬಡಿಯಿತು. ಪಾದ ಹಿಮ್ಮುಖವಾಗಿ ತಿರುಗಿತ್ತು, ತೆಳು ಬೂಟು ಅದಕ್ಕಿನ್ನೂ ಅಂಟಿಕೊಂಡೇ ಇತ್ತು. ಬೈಕು ಸ್ಟ್ಯಾಂಡಿನ ಮೇಲೆ ಹೊಯ್ದಾಡಿತು. ಗಡಿಯಾರದವರು ಎರಡೂ ಕೈಯಿಂದ ಬಾಚಿ ಹಿಡಿದರು, ಬೈಕನ್ನು, ಭಾವನನ್ನಲ್ಲ.

ಆಮೇಲೆ ನನ್ನ ಕೋಪ ಬಂತು. ಅಷ್ಟು ವರ್ಷ ಎಲ್ಲಿತ್ತೋ, ಒಟ್ಟಿಗೇ ಬಂತು. ಅವನ ಪಕ್ಕೆಗೆ ಒದ್ದೆ. ಬಾಯಿಗೆ ಒದ್ದೆ. ಮುರಿದ ಕಾಲಿಗೂ ಒದ್ದೆ. ಅವನು ಪ್ರಾಣ ಹೋಗುವ ಹಾಗೆ ಚೀರಿದ, ಮತ್ತೆ ಅಲ್ಲಿಗೇ ಒದ್ದೆ. ಅವನ ಹಲ್ಲು ನನ್ನ ಬೂಟಿನ ತುದಿಗೆ ತಾಗಿ ಮುರಿದದ್ದು ಕಾಲ್ಬೆರಳಿಗೆ ಗೊತ್ತಾಯಿತು. ಅದು ಹಿತವಾಗಿತ್ತು. ಹಿತವಾಗಿತ್ತು ಎಂದೇ ಬರೆಯುತ್ತೇನೆ. ಅಕ್ಕನ ಎರಡು ಹಲ್ಲಿನ ಲೆಕ್ಕ ತೀರಲಿ, ಬೆರಳಿನ ಲೆಕ್ಕ ತೀರಲಿ ಎಂದು ಕೂಗುತ್ತ ಒದೆಯುತ್ತಿದ್ದೆ. ಅಕ್ಕ ನೋಡುತ್ತಿದ್ದಾಳೆ, ಕೊನೆಗೂ ತಮ್ಮ ತನಗಾಗಿ ಕೈ ಮಾಡಿದ ಎಂದು ಅವಳಿಗೆ ಸಮಾಧಾನವಾಗುತ್ತಿದೆ ಎಂದುಕೊಂಡಿದ್ದೆ.

ಅವಳು ಎಡಗೈಯಿಂದ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದಳು.

"ಸಾಕು ಬಿಡು," ಎಂದಳು. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಬಿದ್ದವನನ್ನ ಒದೆಯೋಕೆ ನೀನು ಬೇಕಾಗಿರಲಿಲ್ಲ."

ಗಡಿಯಾರದವರು ಬೈಕು ನೇರ ಮಾಡಿ, ಫೋನ್ ತೆಗೆದು ಆಂಬ್ಯುಲೆನ್ಸಿಗೆ ಹೇಳಿದರು. ಹೇಳುತ್ತಲೇ ಅವರ ಕಣ್ಣು ಹ್ಯಾಂಡಲ್ಲಿನ ಲಿವರಿಗೆ ಹೋಯಿತು. ಅಲ್ಲಿಂದ ಅಕ್ಕನ ಕೈಯ ಬಟ್ಟೆಗೆ, ಸೆರಗಿನಿಂದ ಹೊರಬಂದಿದ್ದ ಬ್ಯಾಂಡೇಜಿಗೆ, ಅದಕ್ಕೆ ಹತ್ತಿದ್ದ ರಕ್ತಕ್ಕೆ. ಟ್ಯಾಂಕಿನ ಗೆರೆಯನ್ನೂ ಒಮ್ಮೆ ನೋಡಿದರು. ಕಾಗದದಲ್ಲಿರುವ ಹೆಸರು ನಿಮ್ಮದೇನಾ ಎಂದಷ್ಟೇ ಕೇಳಿದರು.

ಹೌದು ಎಂದಳು ಅಕ್ಕ. "ಮಾರುವವರೇ ಒದೀಬೇಕು ಅಂದ್ರಲ್ಲ ಸರ್. ಸ್ವಲ್ಪ ಆಚೆ ನಿಂತ್ಕೊಳ್ಳಿ."

ಎಡಗೈಯಿಂದ ಲಿವರನ್ನು ಹಿಂದಕ್ಕೆ ಎಳೆದಳು. ಚಪ್ಪಲಿ ಬಿಟ್ಟು, ಗೋಡೆಯ ಪಕ್ಕದಲ್ಲಿದ್ದ ನನ್ನ ಹಳೆಯ ಬೂಟಿಗೆ ಬಲಗಾಲು ತೂರಿಸಿದಳು. ಕಿಕ್ಕರನ್ನು ನಿಧಾನವಾಗಿ ಒತ್ತಿ, ಪಿಸ್ಟನ್ ಮೇಲೆ ಬಂದು ದಾಟಿದ್ದನ್ನು ಕಾಲಲ್ಲೇ ತಿಳಿದುಕೊಂಡು, ಅಪ್ಪ ಕಲಿಸಿದ್ದ ಹಾಗೆ ಒಂದೇ ಉದ್ದನೆಯ ಒದೆ ಕೊಟ್ಟಳು. ತಣ್ಣನೆಯ ಇಂಜಿನ್ ಆ ಒಂದೇ ಒದೆಗೆ ಎದ್ದಿತು. ಡಬ್, ಡಬ್, ಡಬ್ ಎಂದು ಷೆಡ್ಡಿನ ತಗಡೆಲ್ಲ ನಡುಗಿತು. ನೆಲದ ಮೇಲೆ ಭಾವ ಬಾಯಿ ತೆರೆದು ಚೀರುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಅಕ್ಕ ನನ್ನ ಹತ್ತಿರ ಬಂದು, ಆ ಸದ್ದಿನಲ್ಲೂ ಕೇಳುವಷ್ಟು ಹತ್ತಿರ ಬಂದು ಹೇಳಿದಳು.

"ನೋಡು, ಏನೂ ಕೇಳಿಸಲ್ಲ ಅಲ್ವಾ? ಅವನು ಮೇಲೆ ನನಗೆ ಹೊಡೆಯೋಕೆ ಶುರು ಮಾಡಿದ ಕೂಡಲೇ ಕೆಳಗೆ ನೀನು ಯಾವುದಾದ್ರೂ ಒಂದು ಇಂಜಿನ್ ಸ್ಟಾರ್ಟ್ ಮಾಡ್ತಿದ್ದೆ. ಪ್ರತಿ ಸಲ. ನನಗೆ ಅವನ ಏಟಿಗಿಂತ ಆ ಸದ್ದು ಬಂದಾಗ ಜೀವ ಹೋಗ್ತಿತ್ತು ಕಣೋ."

ಇಲ್ಲ ಎನ್ನಲು ಬಾಯಿ ತೆರೆದೆ. ನಿಜವಾಗಿಯೂ ರಿಪೇರಿ ಇರುತ್ತಿತ್ತು, ಟ್ಯೂನಿಂಗ್ ಇರುತ್ತಿತ್ತು ಎನ್ನಬೇಕೆಂದಿದ್ದೆ. ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡದ್ದೂ ಅದನ್ನೇ.

ಅವಳು ಇಂಜಿನ್ ನಿಲ್ಲಿಸಿ, ಬೆಂಚಿನ ಮೇಲೆ ಕಾಗದ ಹರಡಿ ಎಡಗೈಯಲ್ಲಿ ಸಹಿ ಹಾಕಿದಳು. ಎಳೆಮಕ್ಕಳ ಬರಹದಂತೆ ಸೊಟ್ಟಗಿತ್ತು. ಗಡಿಯಾರದವರು ಪರವಾಗಿಲ್ಲ ಎಂದು ದುಡ್ಡಿನ ಕವರನ್ನು ಅವಳ ಕೈಗೇ ಕೊಟ್ಟು, ದಾರಿಯಲ್ಲಿ ಆಸ್ಪತ್ರೆ ಇದೆ, ಇಳಿಸಿ ಹೋಗುತ್ತೇನೆ ಎಂದರು. ಬೈಕನ್ನು ಹಲಗೆಯ ಮೇಲೆ ತಳ್ಳಿ ವ್ಯಾನಿಗೆ ಏರಿಸಿ ಹಗ್ಗ ಬಿಗಿದದ್ದು ನಾನೇ. ಅಷ್ಟರಲ್ಲಿ ಆಂಬ್ಯುಲೆನ್ಸ್ ಬಂದು ಭಾವನನ್ನು ಎತ್ತಿಕೊಂಡಿತು. ಅವನು ಅಕ್ಕನ ಹೆಸರು ಹಿಡಿದು ಕೂಗುತ್ತಿದ್ದ. ಅಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ. ಮೇಲೆ ಹೋಗಿ ಒಂದು ಕೈಚೀಲ ತಂದಳು, ಅದರಲ್ಲಿ ಎರಡು ಸೀರೆ, ಕುಂಚಗಳ ಡಬ್ಬ.

ಅಕ್ಕ ಹತ್ತಿ ಕೂತ ಮೇಲೂ ವ್ಯಾನಿನ ಮುಂದಿನ ಸೀಟಿನಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ನಾನು ಕೈ ಒರೆಸಿಕೊಂಡು ಹತ್ತಿರ ಹೋದೆ. ಅಕ್ಕ ಎಡಗೈ ಚಾಚಿ ಬಾಗಿಲು ಎಳೆದುಕೊಂಡಳು.